ಮೂರು ತಲೆಮಾರು ಕಾಯ್ದ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಮೂರು ತಲೆಮಾರು ಉಳಿಸಿ ನೋಡು ಎಂದು ಅವರು ಸೇರಿಸಲಿಲ್ಲ. ಆ ಕಾಲಕ್ಕೆ ಅದು ಸಹಜವಾಗಿಯೇ ನಡೆಯುತ್ತಿದ್ದಿರಬೇಕು. ಇಂದು ಮನೆ ಕಟ್ಟಲು ಸಾಲ ಸಿಗುತ್ತದೆ, ಮದುವೆ ಮಾಡಲು ಕಲ್ಯಾಣ ಮಂಟಪ ಸಿಗುತ್ತದೆ. ಅಜ್ಜ ಕಟ್ಟಿದ ಮನೆಯನ್ನು ಅಜ್ಜ ಬಿಟ್ಟು ಹೋದಂತೆಯೇ ಮೊಮ್ಮಗನ ಕೈಗೆ ಒಪ್ಪಿಸುವುದೇ ಕಷ್ಟದ ಕೆಲಸವಾಗಿದೆ. ಈ ಕಷ್ಟದ ಕೆಲಸವನ್ನು ಒಂದು ವ್ಯಾಪಾರಿ ಮನೆತನ ಮಾಡಿ ತೋರಿಸಿದ ಸ್ಥಳವೊಂದು ಅಮೆರಿಕದಲ್ಲಿದೆ. ಅದರ ಪರಿಚಯವನ್ನು ಓದುಗ ಬಂಧುಗಳಿಗೆ ಮಾಡಿಕೊಡಬೇಕೆಂಬುದು ಈ ಲೇಖನದ ಉದ್ದೇಶ.

ಅಮೆರಿಕದ ವಾಯವ್ಯ ಭಾಗದಲ್ಲಿ, ಕೆನಡಾ ಗಡಿಗೆ ಹೊಂದಿಕೊಂಡು ಮೊಂಟಾನಾ ರಾಜ್ಯವಿದೆ. ಅಲ್ಲಿಯ ಡೀರ್ ಲಾಡ್ಜ್ ಎಂಬ ಸಣ್ಣ ಊರಿನ ಅಂಚಿನಲ್ಲಿರುವುದೇ ಗ್ರಾಂಟ್–ಕೋರ್ಸ್ ರ್‍ಯಾಂಚ್. ರ್‍ಯಾಂಚ್ ಎಂದರೆ ದನಗಾವಲು. ಹುಲ್ಲುಗಾವಲು, ಕೊಟ್ಟಿಗೆ, ಆಳುಗಳ ಕೋಣೆ, ಯಜಮಾನನ ಮನೆ ಎಲ್ಲವೂ ಸೇರಿದ ದೊಡ್ಡ ಒಕ್ಕಲುತನ. ಸುಮಾರು 1,600 ಎಕರೆಯ ಈ ಗಾವಲನ್ನು ಇಂದು ಅಮೆರಿಕ ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತಿದೆ. ಪ್ರವೇಶ ಶುಲ್ಕವಿಲ್ಲ.

ಕಣಿವೆಯ ನೋಟ

ಹೆದ್ದಾರಿಯಿಂದ ಇಳಿದು, ರೈಲು ಹಳಿಯನ್ನು ಹಿಂದೆ ಬಿಟ್ಟು ನಡೆಯತೊಡಗಿದರೆ ಮೊದಲು ಕಾಣುವುದು ಮನೆಯಲ್ಲ, ಆಕಾಶ. ಪಶ್ಚಿಮಕ್ಕೆ ಬೆಟ್ಟಗಳ ಸಾಲು, ಕೆಳಗೆ ವಿಶಾಲವಾದ ಹುಲ್ಲು ಬಯಲು, ಅದರ ನಡುವೆ ಕ್ಲಾರ್ಕ್ ಫೋರ್ಕ್ ನದಿ. ಈ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಯ ದಿಬ್ಬವೊಂದಿದೆ. ಅಲ್ಲಿಗೆ ಜಿಂಕೆಗಳು ಗುಂಪಾಗಿ ಬರುತ್ತಿದ್ದುದರಿಂದ ಮೂಲನಿವಾಸಿಗಳು ಅದನ್ನು ಜಿಂಕೆಗಳ ಮನೆ ಎಂದು ಕರೆದರು. ಊರಿನ ಹೆಸರು ಅದರಿಂದಲೇ ಬಂತು. ಬಿಳಿಯರು ಬಂದು ನೆಲೆಸುವ ಮೊದಲು ಇದು ಶೋಶೋನಿ, ಸೇಲಿಶ್ ಮೊದಲಾದ ಜನಾಂಗಗಳು ಓಡಾಡಿಕೊಂಡಿದ್ದ ನೆಲವೆಂಬುದನ್ನು ಆ ಹೆಸರೇ ನೆನಪಿಸುತ್ತದೆ.

ಮನೆ ಎರಡು ಅಂತಸ್ತಿನದು. ಮುಂಭಾಗ ಮರದ ದಿಮ್ಮಿಗಳದು, ಹೊರಗೆ ಬಿಳಿ ಹಲಗೆಯ ಹೊದಿಕೆ. ಹಿಂದೆ ಹೋದರೆ ಮನೆ ಇಟ್ಟಿಗೆಯದಾಗುತ್ತದೆ. ಒಂದೇ ಸೂರಿನಡಿ ಎರಡು ಕಾಲಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಂತೆ ನಮಗೆ ತೋರಿತು. ಮರದ ಭಾಗ 1862ರದು, ಇಟ್ಟಿಗೆಯ ಭಾಗ 1890ರದು. ಈ 28 ವರ್ಷಗಳ ನಡುವೆಯೇ ಮನೆತನದ ಏಳುಬೀಳಿನ ಕಥೆಯೆಲ್ಲ ಅಡಗಿದೆ.

ಒಂದು ಕೊಟ್ಟು ಎರಡು ಪಡೆದವನು

ಮರದ ಮನೆಯನ್ನು ಕಟ್ಟಿಸಿದವನು ಜಾನಿ ಗ್ರಾಂಟ್, ಕೆನಡಾ ಮೂಲದ ವ್ಯಾಪಾರಿ. ಇವನ ವ್ಯಾಪಾರದ ರೀತಿ ನಮ್ಮ ಓದುಗರಿಗೆ ಸುಲಭವಾಗಿ ಅರ್ಥವಾಗುವಂಥದು. ಆ ಕಾಲದಲ್ಲಿ ಪೂರ್ವದ ಸಾವಿರಾರು ಕುಟುಂಬಗಳು ಎತ್ತಿನ ಗಾಡಿಯಲ್ಲಿ ತಿಂಗಳುಗಟ್ಟಲೆ ಪಯಣಿಸಿ ಆರೆಗಾನ್, ಕ್ಯಾಲಿಫೋರ್ನಿಯಾಗಳತ್ತ ವಲಸೆ ಹೋಗುತ್ತಿದ್ದವು. ಅರ್ಧ ದಾರಿಗೆ ಬರುವಷ್ಟರಲ್ಲಿ ಎತ್ತುಗಳು ಕಾಲು ಸೋತು ನಿಲ್ಲುತ್ತಿದ್ದವು. ಗ್ರಾಂಟ್ ಅಲ್ಲಿಗೆ ಹೋಗಿ ಬಳಲಿದ ಎರಡು ಎತ್ತು ಪಡೆದು ಗಟ್ಟಿಮುಟ್ಟಾದ ಒಂದು ಎತ್ತು ಕೊಡುತ್ತಿದ್ದ. ಬಳಲಿದವನ್ನು ಕಣಿವೆಯ ಹುಲ್ಲಿಗೆ ಬಿಟ್ಟು, ಚಳಿಗಾಲ ಕಳೆಯಿಸಿ, ಮೈ ತುಂಬಿದ ಮೇಲೆ ಮುಂದಿನ ವರ್ಷ ಅದೇ ದಾರಿಗೆ ಹೊಡೆದುಕೊಂಡು ಹೋಗುತ್ತಿದ್ದ. ಬಂಡವಾಳ ಕಡಿಮೆ, ತಾಳ್ಮೆ ಹೆಚ್ಚು. ಹೀಗೆ ಬೆಳೆದ ಮಂದೆಯೇ ಈ ಗಾವಲಿನ ಮೂಲಧನ.

ಅವನ ಹೆಂಡತಿ ಕ್ವಾರಾ ಮೂಲನಿವಾಸಿ ಹೆಣ್ಣುಮಗಳು. ಚಿನ್ನದ ಆಸೆಗೆ ಬಂದ ಹೊಸ ಜನ ಕಣಿವೆಯನ್ನು ತುಂಬಿದಂತೆ ಗ್ರಾಂಟನಿಗೆ ಅಲ್ಲಿ ನೆಮ್ಮದಿ ಕಡಿಮೆಯಾಯಿತು. 1866ರಲ್ಲಿ ಅವನು ಗಾವಲನ್ನು 19,200 ಡಾಲರಿಗೆ ಮಾರಿದ. ಕೆಲಕಾಲದಲ್ಲಿ ಕ್ವಾರಾ ತೀರಿಕೊಂಡಳು. ಅವನು ಕೆನಡಾಕ್ಕೆ ಮರಳಿದ.

ಹಡಗಿನ ಹುಡುಗ, ಗಾವಲಿನ ಒಡೆಯ

ಕೊಂಡವನು ಕಾನ್ರಾಡ್ ಕೋರ್ಸ್. 1835ರಲ್ಲಿ ಇಂದಿನ ಉತ್ತರ ಜರ್ಮನಿಯ ಹೋಲ್‌ಸ್ಟೈನ್ ಪ್ರಾಂತ್ಯದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಹಡಗು ಹತ್ತಿದವನು. 1862ರಲ್ಲಿ ಚಿನ್ನ ಹುಡುಕುತ್ತ ಮೊಂಟಾನಾಕ್ಕೆ ಬಂದ. ಚಿನ್ನ ಅಗೆಯುವವರಿಗಿಂತ ಅವರ ಹೊಟ್ಟೆಗೆ ಒದಗಿಸುವವರ ಕೈಯಲ್ಲಿ ಹಣ ನಿಲ್ಲುತ್ತದೆ ಎಂಬುದನ್ನು ಬೇಗ ಕಂಡುಕೊಂಡ. ಬ್ಯಾನಕ್ ಎಂಬ ಚಿನ್ನದ ಗಣಿಯೂರಿನ ಮಾಂಸದಂಗಡಿಯಲ್ಲಿ ಕೆಲಸಕ್ಕೆ ಸೇರಿದ; ಅಂಗಡಿಯ ಯಜಮಾನ ಊರು ಬಿಟ್ಟಾಗ ಅದು ಅವನದೇ ಆಯಿತು. ಅಂಗಡಿಗೆ ದನ ಬೇಕು, ದನಕ್ಕೆ ಗಾವಲು ಬೇಕು ಎಂದು ಗ್ರಾಂಟನ ಮನೆಗೆ ಬಂದು ನಿಂತ. ಮಲತಮ್ಮ ಜಾನ್ ಬೀಲೆನ್‌ಬರ್ಗ್ ಕೊನೆಯತನಕ ಪಾಲುದಾರನಾಗಿದ್ದ.

ಉಚ್ಛ್ರಾಯ ಕಾಲದಲ್ಲಿ ಈ ಅಣ್ಣತಮ್ಮಂದಿರ ಮಂದೆ ಸುಮಾರು 50,000 ದನಗಳದು ಎನ್ನುತ್ತಾರೆ. ಅವು ಮೇಯುತ್ತಿದ್ದ ನೆಲ ಹಲವು ರಾಜ್ಯಗಳಲ್ಲಿ ಹರಡಿ ಒಂದು ಕೋಟಿ ಎಕರೆಯಷ್ಟಿತ್ತು. ಅದರಲ್ಲಿ ಬಹುಪಾಲು ಅವರ ಸ್ವಂತದ್ದಲ್ಲ. ಬೇಲಿಯಿಲ್ಲದ ಸರ್ಕಾರಿ ಬಯಲು. 1883ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ದಾರಿ ಈ ಕಣಿವೆಗೆ ಸಮೀಪದ ಗೋಲ್ಡ್ ಕ್ರೀಕ್‌ನಲ್ಲಿ ಕೂಡಿಕೊಂಡ ಮೇಲೆ ಇಲ್ಲಿಯ ದನಗಳು ಷಿಕಾಗೋ ಪೇಟೆಗೆ ಹೋಗತೊಡಗಿದವು.

ಇಲ್ಲಿ ನಮ್ಮ ಓದುಗರ ಮನಸ್ಸು ತಡವರಿಸುವುದು ಸಹಜ. ಆ ರೈಲಿನಲ್ಲಿ ಹೋದ ದನಗಳು ಹೋದದ್ದು ಕಸಾಯಿಖಾನೆಗೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಮುಟ್ಟದ ವ್ಯಾಪಾರವಿದು. ಕೊಟ್ಟಿಗೆಗಳ ನಡುವೆ ನಡೆಯುವಾಗ ಇದು ನಮ್ಮನ್ನೂ ಕಾಡಿತು. ಆದರೆ ಆ ಮನೆ ಏನನ್ನೂ ಮುಚ್ಚಿಡುವುದಿಲ್ಲ. ಯಾವ ದುಡ್ಡಿನಿಂದ ಗೋಡೆ ಎದ್ದಿತೆಂಬುದನ್ನು ನೇರವಾಗಿ ಹೇಳುತ್ತದೆ. ಹಳೆಯದನ್ನು ಉಳಿಸುವುದೆಂದರೆ ಹಳೆಯದೆಲ್ಲವನ್ನೂ ಹೊಗಳುವುದಲ್ಲ ಎಂಬ ತಿಳಿವಳಿಕೆ ನಮಗೆ ಅಲ್ಲಿ ಬಂತು.

ಹಿಮ ಕಲಿಸಿದ ಪಾಠ

1886ರ ಬೇಸಿಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಒಣಗಿತು. ಬಯಲಿನಲ್ಲಿ ಮೊದಲೇ ಮಿತಿಮೀರಿ ದನಗಳಿದ್ದವು. ನಂತರ ಬಂದದ್ದು ಆ ನಾಡು ಇಂದಿಗೂ ಮರೆಯದ ಚಳಿಗಾಲ. ಬಿದ್ದ ಹಿಮ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾಗಿ ನೆಲದ ಮೇಲೆ ಮಂಜುಗಡ್ಡೆಯ ಹೊದಿಕೆಯಾಯಿತು. ದನಗಳ ಗೊರಸಿಗೆ ಅದು ಒಡೆಯಲಿಲ್ಲ. ಕೆಳಗಿನ ಹುಲ್ಲು ಬಾಯಿಗೆ ಎಟುಕಲಿಲ್ಲ. ಯಾರೂ ಮೇವು ಕೂಡಿಟ್ಟಿರಲಿಲ್ಲ. ಬಯಲು ಕಾಯುತ್ತದೆ ಎಂದು ಒಡೆಯರು ನಂಬಿದ್ದರು. 1887ರ ವಸಂತದಲ್ಲಿ ಹಿಮ ಕರಗಿದಾಗ ಹಳ್ಳಕೊಳ್ಳಗಳಲ್ಲಿ ಲಕ್ಷಾಂತರ ದನಗಳ ಹೆಣ ಕಂಡವು. ಮಂದೆ ಎಷ್ಟು ಉಳಿದಿದೆ ಎಂದು ಮಾಲೀಕರು ಕೇಳಿದಾಗ ಚಾರ್ಲ್ಸ್ ರಸೆಲ್ ಎಂಬ ದನಗಾಹಿ ಹಿಮದಲ್ಲಿ ನಿಂತ ಎಲುಬುಗೂಡಿನಂಥ ಒಂದು ದನದ ಚಿತ್ರ ಬರೆದು ಉತ್ತರವಾಗಿ ಕಳಿಸಿದ. ಆ ಚಿತ್ರವೇ ಅವನನ್ನು ಮುಂದೆ ದೊಡ್ಡ ಕಲಾವಿದನಾಗಿ ಮಾಡಿತು.

ಕೋರ್ಸನ ಮಂದೆಯಲ್ಲಿಯೂ ಬಹುಪಾಲು ಹೋಯಿತು. ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು. ಆಗ ಬ್ಯೂಟ್ ನಗರದ ಬ್ಯಾಂಕರ್ ಎ. ಜೆ. ಡೇವಿಸ್ ಅಡಮಾನವಿಲ್ಲದೆ ಅವನಿಗೆ ಒಂದು ಲಕ್ಷ ಡಾಲರ್ ಸಾಲ ಕೊಟ್ಟ. ಕೊಟ್ಟದ್ದು ಮಾತಿನ ಮೇಲೆ. ನಾಲ್ಕು ವರ್ಷಗಳಲ್ಲಿ ಆ ಸಾಲ ತೀರಿತು. ವ್ಯಾಪಾರಿ ಮನೆತನಕ್ಕೆ ‘ಪತ’ ಎಂದರೇನು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದ ಕಾಲದಲ್ಲಿ ಉಳಿಸಿಕೊಂಡ ಮಾತು ಬಿದ್ದ ಕಾಲದಲ್ಲಿ ಕೈ ಹಿಡಿಯಿತು.

ಆ ಚಳಿಗಾಲದ ಮೇಲೆ ದನಗಾವಲಿನ ರೀತಿಯೇ ಬದಲಾಯಿತು. ಬೇಲಿ ಬಂತು, ಸಣ್ಣ ಮಂದೆ ಬಂತು, ಚಳಿಗಾಲಕ್ಕೆ ಮೇವು ಕೂಡಿಡುವುದು ಕಡ್ಡಾಯವಾಯಿತು. ಇಂದಿಗೂ ಅಲ್ಲಿ ಒಣಹುಲ್ಲನ್ನು ಎತ್ತಿ ಬಣವೆ ಒಟ್ಟುವ ಮರದ ಎತ್ತರದ ಜಾರುಬಂಡೆಯಂಥ ಸಾಧನವನ್ನು ನೋಡಬಹುದು. ‘ಬೀವರ್‌ಸ್ಲೈಡ್’ ಎಂಬ ಈ ಉಪಾಯ ಮೊಂಟಾನಾದ ರೈತರೇ ಕಳೆದ ಶತಮಾನದ ಆರಂಭದಲ್ಲಿ ಕಂಡುಹಿಡಿದದ್ದು. ಕುದುರೆಗಳು ಹಗ್ಗ ಎಳೆದರೆ ಹುಲ್ಲಿನ ಹೊರೆ ಇಳಿಜಾರಿನಲ್ಲಿ ಮೇಲೇರಿ ಬಣವೆಯ ನೆತ್ತಿಗೆ ಬೀಳುತ್ತದೆ.

ಮನೆಯೊಡತಿ ಅಗಸ್ಟಾ

ಒಳಗೆ ಕಾಲಿಟ್ಟರೆ ಕಾಣುವುದು ಯಜಮಾನನ ಕೈಗಿಂತ ಹೆಚ್ಚಾಗಿ ಯಜಮಾನತಿಯ ಕೈ. 1868ರಲ್ಲಿ ಕೋರ್ಸ್ ತನ್ನ ನಾಡಿನ ಮೂಲದವಳೇ ಆದ ಅಗಸ್ಟಾಳನ್ನು ಮದುವೆಯಾದ. ಆಕೆಗೆ ಆಗ ಹತ್ತೊಂಬತ್ತು ವರ್ಷ. ಮಿಸೂರಿ ನದಿಯಲ್ಲಿ ಉಗಿಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ, ಮುಂದೆ ಗಾಡಿಯಲ್ಲಿ ಈ ಕಣಿವೆಗೆ ಬಂದವಳು ಮೊದಲು ಮಾಡಿದ ಕೆಲಸ ಅಡಿಗೆಯವನನ್ನು ಬಿಡಿಸಿ ಒಲೆಯನ್ನು ತನ್ನ ಕೈಗೆ ತೆಗೆದುಕೊಂಡದ್ದು. ಅಡಿಗೆ, ಒಗೆತ, ಸಾಬೂನು, ಮೇಣದ ಬತ್ತಿ ಎಲ್ಲವೂ ಅವಳದೇ. ಕೈಯಲ್ಲಿ ಕಾಸು ಬಂದ ಮೇಲೆ ದೂರದ ನಗರಗಳಿಂದ ಮರದ ಕೆತ್ತನೆಯ ಪೀಠೋಪಕರಣ ತರಿಸಿ ಮನೆ ಸಿಂಗರಿಸಿದಳು. 1890ರ ಇಟ್ಟಿಗೆ ಮನೆಗೆ ನಲ್ಲಿ ನೀರೂ ಬಂತು.

ಸುಖದ ಜೊತೆಗೆ ದುಃಖವೂ ಬಂತು. ಒಬ್ಬನೇ ಮಗ ವಿಲಿಯಂ ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ 1901ರಲ್ಲಿ ತೀರಿಕೊಂಡ. ತಂದೆತಾಯಿ ಅವನ ನೆನಪಿಗೆ ಡೀರ್ ಲಾಡ್ಜ್ ಊರಿಗೆ ಒಂದು ಗ್ರಂಥಾಲಯ ಕಟ್ಟಿಸಿಕೊಟ್ಟರು. ಅದು ಇಂದಿಗೂ ಅವನ ಹೆಸರಿನಲ್ಲಿದೆ. ಜ್ಞಾನದಾನದ ಮಹಿಮೆ ತಿಳಿದ ನಮಗೆ ಇದು ಪರಕೀಯವೆನಿಸಲಿಲ್ಲ.

ಉಳಿಸಿದವರ ಕಥೆ

ಹೊಸ ಒಕ್ಕಲುಗಳು ಬಂದು ಬಯಲನ್ನು ಹಂಚಿಕೊಂಡಂತೆ ಕೋರ್ಸ್ ತನ್ನ ಭೂಮಿಯನ್ನು ಮಾರುತ್ತ ಬಂದ. 1920ರಲ್ಲಿ ಅವನೂ, 1922ರಲ್ಲಿ ಬೀಲೆನ್‌ಬರ್ಗನೂ ತೀರಿಕೊಂಡರು. ಕೊನೆಗೆ ಉಳಿದದ್ದು ಮನೆಯ ಸುತ್ತಲಿನ ಸುಮಾರು 1,000 ಎಕರೆ. ಇಂಥ ಸಮಯದಲ್ಲೇ ಎಷ್ಟೋ ಮನೆತನಗಳ ಸಾಮಾನು ಹರಾಜಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಹೆಲೆನಾ ನಗರದಲ್ಲಿ ನೆಲೆಸಿದ್ದ ಅಗಸ್ಟಾ ಪ್ರತಿ ಬೇಸಿಗೆಯಲ್ಲಿ ಹಳೆಯ ಮನೆಗೆ ಬರುತ್ತಿದ್ದಳು. 1945ರಲ್ಲಿ, ತನ್ನ 96ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮನೆಯ ಮೇಲೆ ಅವಳ ಕಣ್ಣಿತ್ತು.

ಮಗಳ ಮಗ ಕಾನ್ರಾಡ್ ವಾರೆನ್ 1932ರಿಂದ ಗಾವಲಿನ ಕಾರಭಾರ ವಹಿಸಿ, ಎಂಟು ವರ್ಷಗಳ ನಂತರ ಅದನ್ನು ತಾನೇ ಕೊಂಡುಕೊಂಡ. ಅವನೂ ಹೆಂಡತಿ ನೆಲ್‌ಳೂ ತಮಗಾಗಿ ಪಕ್ಕದಲ್ಲೇ ಸಣ್ಣ ಮನೆ ಕಟ್ಟಿಕೊಂಡರು. ಅಜ್ಜಿಯ ದೊಡ್ಡ ಮನೆಯನ್ನು ಒಡೆಯಲಿಲ್ಲ, ಹೊಸ ಮಾದರಿಗೆ ತಿರುಗಿಸಲಿಲ್ಲ. ಅಜ್ಜಿಯ ಕುರ್ಚಿ, ಗಾಡಿ, ಕಮ್ಮಾರನ ಉಪಕರಣ, ಹಳೆಯ ಕಾಗದಪತ್ರ ಎಲ್ಲವನ್ನೂ ಕಾಯ್ದರು. 1970ರಲ್ಲಿ ಗಾವಲನ್ನು ರಾಷ್ಟ್ರೀಯ ಉದ್ಯಾನ ಪ್ರತಿಷ್ಠಾನಕ್ಕೆ ಮಾರಿದಾಗ ಸಾಮಾನೂ ಚದುರಲಿಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು. 1977ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಇಂಥ ಸ್ಥಳಗಳಲ್ಲಿ ಸಾಮಾನ್ಯವಾಗಿ ಎಲ್ಲಿಂದಲೋ ತಂದ ಹಳೆಯ ವಸ್ತುಗಳನ್ನು ಜೋಡಿಸಿಡುತ್ತಾರೆ. ಇಲ್ಲಿ ಕಾಣುವ ಸಾಮಾನು ಬಹುಮಟ್ಟಿಗೆ ಆ ಮನೆಯದೇ.

ನಮ್ಮ ಮನೆಗಳ ಮಾತು

ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆಯಾಗಲಿ, ಆದವಾನಿ, ರಾಯದುರ್ಗಗಳ ಕಡೆಯಾಗಲಿ ಗಡಿಯಾಚೆ ನೆಲೆಸಿದ ನಮ್ಮ ಮನೆತನಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಊರಿನ ಶಾಲೆ ಬೇರೆ ಭಾಷೆಯದು, ಕಚೇರಿ ಬೇರೆ ಭಾಷೆಯದು. ನಾವು ಕನ್ನಡದವರೆಂಬುದಕ್ಕೆ ಅಜ್ಜ ಕನ್ನಡದಲ್ಲಿ ಬರೆದ ಖಾತೆವಹಿಗಿಂತ ಗಟ್ಟಿಯಾದ ಸಾಕ್ಷಿ ಯಾವುದಿದೆ? ಯಾರಿಗೆ ಎಷ್ಟು ಉದ್ದರಿ ಕೊಟ್ಟರು, ಬರಗಾಲದಲ್ಲಿ ಯಾರ ಬಾಕಿ ಬಿಟ್ಟರು, ಬಸದಿಗೆ ಏನು ಸಲ್ಲಿಸಿದರು ಎಂಬುದೆಲ್ಲ ಅದರಲ್ಲಿದೆ. ಮನೆ ಒಡೆಯುವ ದಿನ ಅದೇ ವಹಿ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ.

ಎಲ್ಲರಿಗೂ ವಾಡೆ ಉಳಿಸಿಕೊಳ್ಳುವುದು ಆಗದ ಮಾತು. ಪಾಲು ಮಾಡಬೇಕು, ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ, ರಿಪೇರಿಗೆ ದುಡ್ಡು ಬೇಕು. ಆದರೆ ಒಂದು ಪೆಟ್ಟಿಗೆಯಷ್ಟು ಉಳಿಸುವುದು ಎಲ್ಲರಿಗೂ ಸಾಧ್ಯ. ಖಾತೆವಹಿ, ತಕ್ಕಡಿ, ಹಳೆಯ ಪತ್ರ, ಹಿರಿಯರ ಭಾವಚಿತ್ರಗಳನ್ನು ಒಂದೆಡೆ ಸೇರಿಸಿ, ಇದು ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂಬ ಚೀಟಿ ಹಚ್ಚಬೇಕು. ಚೀಟಿ ಬರೆಯಲು ಮನೆಯ ಹಿರಿಯರನ್ನೇ ಕೂರಿಸಿಕೊಳ್ಳಬೇಕು. ಅವರು ಹೋದ ಮೇಲೆ ಫೋಟೋದಲ್ಲಿರುವವರ ಹೆಸರು ಹೇಳುವವರಿರುವುದಿಲ್ಲ. ಅಪರಿಗ್ರಹವನ್ನು ನಂಬಿದವರು ಹಳೆಯ ಸಾಮಾನು ಕೂಡಿಡುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಬಂಗಾರ ಕೂಡಿಡುವುದು ತನಗಾಗಿ. ಇದು ಮುಂದೆ ಬರುವವರಿಗಾಗಿ ಎಂಬುದೇ ನಮ್ಮ ಉತ್ತರ.

ಬರುವ ಪರ್ಯೂಷಣ ಪರ್ವಕ್ಕೋ ದೀಪಾವಳಿಗೋ ಮನೆಮಂದಿಯೆಲ್ಲ ಕೂಡಿದಾಗ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ಕೆಳಗಿಳಿಸಿ, ಮಕ್ಕಳ ಎದುರಿಗೆ ತೆರೆಯಬೇಕೆಂದು ನಮ್ಮ ಬಿನ್ನಹ.