ಕಡಲ ಮೇಲಿನ ಹತ್ಯಾರಿನ ಪೆಟ್ಟಿಗೆ

೧೯೬೮ನೆಯ ಇಸವಿಯ ಜೂನ್ ೧೪ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಆಂಗ್ಲ ನಾವಿಕರು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಂಟಿಯಾಗಿ ಹೊರಟರು. ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಬೇಕೆಂಬುದು ಅವರ ಸಂಕಲ್ಪ. ಅವರ ದೋಣಿ ‘ಸುಹೈಲಿ’ ನಮ್ಮ ದೇಶಕ್ಕೆ ಹೊರತಾದುದಲ್ಲ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ, ಮೂವತ್ತೆರಡು ಅಡಿ ಉದ್ದದ ದೋಣಿ ಅದು. ಕೆಲವೇ ವಾರಗಳಲ್ಲಿ, ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳ ಆಸುಪಾಸಿನಲ್ಲಿ, ದೋಣಿಯೊಳಕ್ಕೆ ನೀರು ಜಿನುಗತೊಡಗಿತು. ನೀರಿಗಿಳಿದು ನೋಡಿದರೆ, ಮೇಲ್ಮೈಯಿಂದ ಸುಮಾರು ಐದು ಅಡಿ ಆಳದಲ್ಲಿ, ಅಡಿಮರದ ಪಕ್ಕದ ಹಲಗೆಗಳ ಸಂದಿ ಬಾಯಿಬಿಟ್ಟಿತ್ತು.

ಇಂತಹ ಸಂದಿಗೆ ಹತ್ತಿಯ ಹುರಿಯನ್ನು ಬಡಿದು ತುಂಬುವುದು ಹಳೆಯ ಪದ್ಧತಿ. ಆದರೆ ಒಂದು ಉಸಿರಿನಲ್ಲಿ ಬಡಿದಷ್ಟು ಹತ್ತಿ, ಅವರು ಮೇಲೆದ್ದು ಉಸಿರೆಳೆದುಕೊಂಡು ಮತ್ತೆ ಮುಳುಗುವಷ್ಟರಲ್ಲಿ ಹೊರಬಂದಿರುತ್ತಿತ್ತು. ಕೊನೆಗೆ ಕ್ಯಾನ್ವಾಸಿನ ಉದ್ದನೆಯ ಪಟ್ಟಿಯೊಂದಕ್ಕೆ ಹತ್ತಿಯನ್ನು ಹೊಲಿದು, ಅದಕ್ಕೆ ಟಾರು ಬಳಿದು, ತಾಮ್ರದ ಸಣ್ಣ ಮೊಳೆಗಳಿಂದ ಸಂದಿಯ ಮೇಲೆ ಜಡಿದರು. ಅದರ ಮೇಲೆ ತಾಮ್ರದ ತಗಡಿನ ಪಟ್ಟಿಯೊಂದನ್ನು ಹೊದಿಸಿದರು. ನಡುವೆ ತಿಮಿಂಗಿಲದಂತಲ್ಲದಿದ್ದರೂ ಭಯ ಹುಟ್ಟಿಸಲು ಸಾಕಾಗುವ ಒಂದು ಷಾರ್ಕ್ ಮೀನು ಸುಳಿದಾಡಿತು. ಅದನ್ನು ಬಂದೂಕಿನಿಂದ ಕೊಂದು ಕೆಲಸ ಮುಂದುವರಿಸಬೇಕಾಯಿತು. ಜಿನುಗು ನಿಂತಿತು. ೩೧೨ ದಿನಗಳ ಬಳಿಕ, ೧೯೬೯ರ ಏಪ್ರಿಲ್ ೨೨ರಂದು, ಸುಹೈಲಿ ಫಾಲ್ಮತ್‌ಗೆ ಮರಳಿತು.

ಸಾಹಸದ ಕಥೆಯನ್ನು ಬದಿಗಿಟ್ಟು ನಾವು ಒಂದು ಸಣ್ಣ ಪ್ರಶ್ನೆಯನ್ನು ಕೇಳಿಕೊಳ್ಳೋಣ. ತಾಮ್ರದ ಪಟ್ಟಿಯನ್ನು ತಾಮ್ರದ ಮೊಳೆಗಳಿಗೆ ಬದಲಾಗಿ ಕಬ್ಬಿಣದ ಮೊಳೆಗಳಿಂದ ಜಡಿದಿದ್ದರೆ ಏನಾಗುತ್ತಿತ್ತು?

ಉತ್ತರ ಇನ್ನೂರು ವರ್ಷ ಮೊದಲೇ ದೊರೆತಿತ್ತು. ಮರ ಕೊರೆಯುವ ಹುಳುಗಳಿಂದ ಕಾಪಾಡಲು ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ೧೭೬೧ರಲ್ಲಿ ತಾಮ್ರದ ತಗಡು ಹೊದಿಸಿತು. ೧೭೬೩ರಲ್ಲಿ ಪರೀಕ್ಷಿಸಿದಾಗ ತಾಮ್ರ ಚೆನ್ನಾಗಿಯೇ ಇತ್ತು. ಅದಕ್ಕೆ ತಗುಲಿಕೊಂಡಿದ್ದ ಕಬ್ಬಿಣದ ಮೊಳೆಗಳು ಸವೆದು ಹಾಳಾಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ಎಲ್ಲಿ ಕಿತ್ತುಹಾಕಿರಲಿಲ್ಲವೋ ಅಲ್ಲಿ ಮಾತ್ರ ಕಬ್ಬಿಣ ಉಳಿದುಕೊಂಡಿತ್ತು!

ಒಂದು ಕಿಲೋಗ್ರಾಮ್ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಮ್ ಲವಣಗಳಿರುತ್ತವೆ. ಆದುದರಿಂದ ಅದು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುವ ದ್ರವ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಅದರಲ್ಲಿ ನೆನೆದರೆ, ನಾವು ಬಯಸದಿದ್ದರೂ ಒಂದು ವಿದ್ಯುತ್‌ಕೋಶ ಸಿದ್ಧವಾಗುತ್ತದೆ. ಪ್ರಮಾಣ ವಿಭವಗಳ ಪಟ್ಟಿಯಲ್ಲಿ ಸತುವಿಗೆ –೦.೭೬ ವೋಲ್ಟ್, ಕಬ್ಬಿಣಕ್ಕೆ –೦.೪೪, ತಾಮ್ರಕ್ಕೆ +೦.೩೪. ಕಡಲಿನಲ್ಲಿ ಈ ಅಂಕಿಗಳು ಬದಲಾಗುತ್ತವೆ, ಆದರೆ ಈ ಮೂರರ ಕ್ರಮ ಬದಲಾಗದು. ಪಟ್ಟಿಯಲ್ಲಿ ಕೆಳಗಿರುವ ಲೋಹ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಮೇಲಿನದು ಸುರಕ್ಷಿತವಾಗಿರುತ್ತದೆ. ಕಾಗದ ಮಾಡಿದ್ದು ಇಷ್ಟೇ, ಎರಡು ಲೋಹಗಳ ಸಂಪರ್ಕವನ್ನು ತಪ್ಪಿಸಿದ್ದು. ವಾಚಕರು ಇದನ್ನು ಎರಡು ಗಾಜಿನ ಲೋಟಗಳಲ್ಲಿ ಮಾಡಿನೋಡಬಹುದು. ಉಪ್ಪುನೀರಿನಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆಯೊಂದನ್ನೂ, ಬರಿಯ ಮೊಳೆಯೊಂದನ್ನೂ ಬೇರೆಬೇರೆಯಾಗಿ ಕೆಲವು ದಿನ ಇಟ್ಟರೆ ಯಾವುದಕ್ಕೆ ಬೇಗ ತುಕ್ಕು ಹಿಡಿಯುತ್ತದೆಂದು ಹೇಳಲು ಉಪಾಧ್ಯಾಯರು ಬೇಕಾಗದು.

ದೋಣಿಯಲ್ಲೇ ಮನೆಮಾಡಿಕೊಂಡು ತಿಂಗಳುಗಟ್ಟಲೆ ಸಂಚರಿಸುವವರು ಹತ್ಯಾರುಗಳನ್ನು ಆರಿಸುವಾಗ ಮೊದಲು ನೆನೆಯಬೇಕಾದ ಸಂಗತಿ ಇದೇ. ಹಿತ್ತಾಳೆಯ ತಿರುಪುಗಳನ್ನೂ ಉಕ್ಕಿನ ಸ್ಪ್ಯಾನರುಗಳನ್ನೂ ಒಂದೇ ಒದ್ದೆ ಡಬ್ಬಿಯಲ್ಲಿ ಸೇರಿಸಿಟ್ಟರೆ, ‘ಅಲಾರ್ಮ್’ ಹಡಗಿನ ಪ್ರಯೋಗವನ್ನು ನಾವೇ ಮತ್ತೆ ನಡೆಸಿದಂತಾಗುತ್ತದೆ. ಹಾಗಾದರೆ ಎಲ್ಲ ಹತ್ಯಾರುಗಳನ್ನೂ ತುಕ್ಕು ಹಿಡಿಯದ ಉಕ್ಕಿನಿಂದಲೇ ಮಾಡಬಾರದೇಕೆ? ಪಾತ್ರೆಗಳಿಗೆ ಬಳಸುವ ಆ ಜಾತಿಯ ಉಕ್ಕನ್ನು ಕಾಯಿಸಿ ಅದ್ದಿ ಗಡಸುಮಾಡಲು ಬರುವುದಿಲ್ಲ. ಉಳಿಗೂ ಅರಕ್ಕೂ ಬೇಕಾದ ಅಲಗು ಅದರಲ್ಲಿ ನಿಲ್ಲದು. ಅಲಗು ಬೇಕೆಂದರೆ ತುಕ್ಕು ಹಿಡಿಯುವ ಉಕ್ಕನ್ನೇ ಒಯ್ಯಬೇಕು. ಒಯ್ದ ಮೇಲೆ ಕಾಯಬೇಕು.

ಕಾಯುವುದು ಹೇಗೆ? ಕಡಲನೀರು ಸಿಡಿದ ಸುತ್ತಿಗೆಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ನೀರು ಹೋದರೂ ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ಬೆವರುವುದನ್ನು ಯಾರು ಕಂಡಿಲ್ಲ? ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೭೫ನ್ನು ಮೀರಿದೊಡನೆ ಶುದ್ಧವಾದ ಅಡುಗೆಯುಪ್ಪು ತೇವವನ್ನು ಹೀರಿ ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಮ್ ಕ್ಲೋರೈಡ್ ಶೇಕಡ ೩೩ರಲ್ಲಿಯೇ ಕರಗುತ್ತದೆ. ಕಡಲ ಮೇಲಿನ ಗಾಳಿ ಅಷ್ಟು ಒಣಗುವುದು ಅಪರೂಪ. ಆದುದರಿಂದ ಉಪ್ಪು ಅಂಟಿದ ಉಕ್ಕು ಸದಾ ಒದ್ದೆಯೇ. ಅದನ್ನು ಮೊದಲು ಸಿಹಿನೀರಿನಿಂದ ತೊಳೆದು, ಅನಂತರ ಒಣಗಿಸಿ, ಎಣ್ಣೆ ಸವರಬೇಕು. ಕುಡಿಯುವ ನೀರಿಗೇ ಲೆಕ್ಕ ಇಡುವ ದೋಣಿಯಲ್ಲಿ ಒಂದು ಲೋಟ ನೀರನ್ನು ಗರಗಸಕ್ಕೆ ಕೊಡಲು ಮನಸ್ಸು ಬಾರದೆಂಬುದು ನಿಜ, ಆದರೂ ಕೊಡಬೇಕು.

ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿದರೂ ಒಳಗಿನ ಗಾಳಿಯ ತೇವ ಅಲ್ಲೇ ಇರುತ್ತದೆ. ೩೦ ಡಿಗ್ರಿ ಉಷ್ಣತೆಯ, ಶೇಕಡ ೮೦ ಆರ್ದ್ರತೆಯ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು ೨೪ ಗ್ರಾಮ್ ನೀರಾವಿ ಇರುತ್ತದೆ. ರಾತ್ರಿ ಅದು ೨೦ ಡಿಗ್ರಿಗೆ ತಣಿದರೆ ಹಿಡಿದಿಡಬಲ್ಲದ್ದು ೧೭ ಗ್ರಾಮ್ ಮಾತ್ರ. ಇಪ್ಪತ್ತು ಲೀಟರಿನ ಪೆಟ್ಟಿಗೆಗೆ ಲೆಕ್ಕ ಹಾಕಿದರೆ ಮೂರು ಹನಿಯಷ್ಟು ನೀರು ಹತ್ಯಾರುಗಳ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಮೂರು ಹನಿ ಅತ್ಯಲ್ಪವೆನ್ನಬೇಡಿ. ಮುಚ್ಚಳ ಸಡಿಲವಾಗಿದ್ದರೆ ಪೆಟ್ಟಿಗೆ ಹಗಲಿನಲ್ಲಿ ಉಬ್ಬಿ ಗಾಳಿಯನ್ನು ಹೊರಗೆ ಬಿಡುತ್ತದೆ, ಇರುಳಿನಲ್ಲಿ ಹೊಸ ತೇವವನ್ನು ಒಳಗೆಳೆಯುತ್ತದೆ. ರಬ್ಬರಿನ ಅಂಚುಳ್ಳ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್‌ನ ಒಂದು ಚೀಲ, ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ಸುತ್ತು, ಇವು ಸಾಕು. ಕಬ್ಬಿಣದ ಅಂದವಾದ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟುಬರುವುದು ಲೇಸು.

ಮೂವತ್ತು ಕಿಲೋ ತೂಗುವ ಪೆಟ್ಟಿಗೆಯನ್ನು ಇಡುವ ಸ್ಥಳವೂ ಭೌತಶಾಸ್ತ್ರದ ವಿಷಯವೇ. ದೋಣಿ ಮುಂದಕ್ಕೂ ಹಿಂದಕ್ಕೂ ತೊನೆಯುವಾಗ ಒಂದು ಭಾರ ಒಡ್ಡುವ ಜಡತ್ವ ನಡುವಿನಿಂದ ಅದರ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೂತಿಯಲ್ಲಿ, ನಾಲ್ಕು ಮೀಟರ್ ದೂರದಲ್ಲಿಟ್ಟ ಪೆಟ್ಟಿಗೆ, ಒಂದು ಮೀಟರ್ ದೂರದಲ್ಲಿಟ್ಟದ್ದಕ್ಕಿಂತ ಹದಿನಾರು ಪಟ್ಟು ಕಾಟ ಕೊಡುತ್ತದೆ. ಆದುದರಿಂದ ಅದು ನಡುವಿನಲ್ಲಿರಬೇಕು, ತಗ್ಗಿನಲ್ಲಿರಬೇಕು, ಪಟ್ಟಿಗಳಿಂದ ಬಿಗಿದಿರಬೇಕು. ದೋಣಿ ಮಗುಚಿದಾಗ ಬಿಡಿಯಾಗಿರುವ ಸುತ್ತಿಗೆಗೆ ನೆಲ ಯಾವುದು, ಸೂರು ಯಾವುದು ಎಂಬ ವಿವೇಚನೆ ಇರುವುದಿಲ್ಲ. ಜೊತೆಗೆ ದಿಕ್ಸೂಚಿಯಿಂದಲೂ ದೂರವಿರಬೇಕು. ಅಯಸ್ಕಾಂತದ ಪ್ರಭಾವ ದೂರದ ಘನಕ್ಕೆ ವಿಲೋಮವಾಗಿ ಇಳಿಯುವುದರಿಂದ, ಒಂದಡಿಯಲ್ಲಿದ್ದ ಸ್ಪ್ಯಾನರನ್ನು ಎರಡಡಿಗೆ ಸರಿಸಿದರೆ ತೊಂದರೆ ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಮುಳ್ಳು ಐದು ಡಿಗ್ರಿ ತಪ್ಪಿದರೆ ನೂರು ಮೈಲಿ ಹೋಗುವಷ್ಟರಲ್ಲಿ ದೋಣಿ ಸುಮಾರು ಒಂಬತ್ತು ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಆ ಒಂಬತ್ತು ಮೈಲಿಯೊಳಗೆ ಬಂಡೆಗಳಿರಬಹುದು.

ಎಲ್ಲವೂ ಪೆಟ್ಟಿಗೆಯೊಳಗೇ ಇರಬೇಕೆಂದಲ್ಲ. ಹಾಯಿಕಂಬ ಮುರಿದರೆ, ತಂತಿಗಳಿಗೆ ಜೋತುಬಿದ್ದ ಅದರ ತುಂಡು ಅಲೆಯಲೆಗೂ ದೋಣಿಯ ಪಕ್ಕೆಯನ್ನು ಗುದ್ದುತ್ತದೆ. ಆಗ ತಂತಿ ಕತ್ತರಿಸುವ ದೊಡ್ಡ ಕತ್ತರಿಯೂ ಹ್ಯಾಕ್‌ಸಾ ಗರಗಸವೂ ಕತ್ತಲೆಯಲ್ಲಿ ಕೈಚಾಚಿದರೆ ಸಿಗುವಂತಿರಬೇಕು. ಸುಹೈಲಿಯ ಪ್ರತಿರೂಪವಾಗಿ ಗೋವೆಯಲ್ಲಿ ಕಟ್ಟಿದ ‘ತುರೀಯ’ದ ಕಂಬ ೨೦೧೮ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಮುರಿಯಿತು. ಅದರಲ್ಲಿ ಒಂಟಿಯಾಗಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿಯವರ ಬೆನ್ನಿಗೆ ತೀವ್ರವಾದ ಪೆಟ್ಟಾಗಿ, ಫ್ರೆಂಚ್ ಹಡಗೊಂದು ಬಂದು ಅವರನ್ನು ರಕ್ಷಿಸಬೇಕಾಯಿತು. ಅಂತಹ ಸ್ಥಿತಿಯಲ್ಲಿ ಎಷ್ಟು ಒಳ್ಳೆಯ ಹತ್ಯಾರೂ ಕೆಲಸಕ್ಕೆ ಬಾರದೆಂಬುದನ್ನು ಒಪ್ಪಿಕೊಳ್ಳಬೇಕು. ಇನ್ನು ದೋಣಿಯ ತಳದಲ್ಲಿ ನೀರಿನ ಕೊಳವೆಗಳಿಗಾಗಿ ಕೊರೆದ ಪ್ರತಿಯೊಂದು ತೂತಿನ ಬಳಿಯೂ ಮೆದುಮರದ ಒಂದೊಂದು ಬೆಣೆಯನ್ನು ದಾರದಿಂದ ಕಟ್ಟಿಡುತ್ತಾರೆ. ಕೊಳವೆ ಕಳಚಿದರೆ ಬೆಣೆ ಜಡಿಯುವುದು. ನೀರು ಕುಡಿದ ಮರ ಉಬ್ಬಿ ತಾನೇ ಬಿಗಿದುಕೊಳ್ಳುತ್ತದೆ. ಎಲ್ಲ ಸಾಧನಗಳಲ್ಲಿಯೂ ಅಗ್ಗವಾದುದು ಇದು, ನಮ್ಮ ಮಟ್ಟಿಗೆ ಅತ್ಯಂತ ಜಾಣತನದ್ದೂ ಇದೇ.

ವಿದ್ಯುತ್ ಬೈರಿಗೆಯ ಮೋಹವೂ ಕೆಲವರಿಗುಂಟು. ೬೦೦ ವಾಟ್‌ನದನ್ನು ಹತ್ತು ನಿಮಿಷ ನಡೆಸಿದರೆ ೧೨ ವೋಲ್ಟಿನ ಬ್ಯಾಟರಿಯಿಂದ ಎಂಟು ಆಂಪಿಯರ್-ಗಂಟೆಗಿಂತ ಹೆಚ್ಚು ವ್ಯಯವಾಗುತ್ತದೆ. ಇದ್ದರೆ ಇರಲಿ, ಕೈಯಿಂದ ತಿರುಗಿಸುವ ಬೈರಿಗೆಯೊಂದು ಅದರ ಪಕ್ಕದಲ್ಲಿರಲಿ.

ಎಷ್ಟು ಎಚ್ಚರವಹಿಸಿದರೂ ಬೇಕಾದುದು ಬೇಕಾದಾಗ ಇರುವುದಿಲ್ಲ. ಅದೇ ಯಾನದಲ್ಲಿ ನಾಕ್ಸ್-ಜಾನ್‌ಸ್ಟನ್‌ರವರ ಬ್ಯಾಟರಿ ತುಂಬುವ ಯಂತ್ರ ಕೆಟ್ಟಿತು. ಅದರ ಮ್ಯಾಗ್ನೆಟೊದ ಸಂದಿಯನ್ನು ಅಂಗುಲದ ಸಾವಿರದಲ್ಲಿ ೧೨ರಿಂದ ೧೫ ಭಾಗಕ್ಕೆ ಹೊಂದಿಸಬೇಕಾಗಿತ್ತು. ಅಳೆಯಲು ಫೀಲರ್ ಗೇಜ್ ಇರಲಿಲ್ಲ. ಅವರು ತಮ್ಮ ದಿನಚರಿಯ ಪುಸ್ತಕವನ್ನು ಕೈಗೆತ್ತಿಕೊಂಡು, ಒಂದಂಗುಲ ದಪ್ಪಕ್ಕೆ ೨೦೦ ಹಾಳೆಗಳೆಂದು ಎಣಿಸಿದರು. ಅಂದರೆ ಒಂದು ಹಾಳೆಗೆ ಸಾವಿರದ ಐದು ಭಾಗ. ಮೂರು ಹಾಳೆಗಳನ್ನು ಒಟ್ಟಿಗೆ ಹಿಡಿದು ಆ ಸಂದಿಯೊಳಗೆ ತೂರಿಸಿದರು.