ಹಾಲಿನ ಸೀಸೆಯಲ್ಲಿ ಹಾರ್ಮೋನಿನ ವೇಷಧಾರಿ

ನಿರ್ನಾಳ ಗ್ರಂಥಿಗಳು ಸ್ರವಿಸುವ ಹಾರ್ಮೋನುಗಳ ಪ್ರಮಾಣ ಅತ್ಯಲ್ಪ, ಕಾರ್ಯವಾದರೋ ಮಹತ್ತರವಾದುದು. ದೇಹದ ಬೆಳವಣಿಗೆ, ಋತುಚಕ್ರ, ಗರ್ಭಧಾರಣೆ ಇವೆಲ್ಲ ಅವುಗಳ ಅಧೀನ. ಇಂತಹ ಹಾರ್ಮೋನುಗಳ ವೇಷ ಧರಿಸಿ ದೇಹವನ್ನು ವಂಚಿಸುವ ಕೆಲವು ರಾಸಾಯನಿಕಗಳು ಪ್ಲಾಸ್ಟಿಕ್ಕಿನ ಮೂಲಕ ನಮ್ಮ ಅಡುಗೆಮನೆಗಳನ್ನು ಹೊಕ್ಕಿವೆ. ಬಸುರಿ-ಬಾಣಂತಿಯರಿರುವ ಮನೆಯವರು ಇದನ್ನು ಅವಶ್ಯವಾಗಿ ಅರಿತಿರಬೇಕು.

ಇವುಗಳಲ್ಲಿ ಬಿಸ್ಫಿನಾಲ್-ಎ ಎಂಬುದರ ಚರಿತ್ರೆ ವಿಚಿತ್ರವಾದುದು. ಅದು ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನಿನಂತೆ ವರ್ತಿಸುವುದನ್ನು ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ವಿಲ್ಫ್ರಿಡ್ ಲಾಸನ್ 1936ರಲ್ಲಿಯೇ ಇಲಿಗಳಲ್ಲಿ ಕಂಡಿದ್ದರು. ಅದರಿಂದ ಪಾಲಿಕಾರ್ಬೊನೇಟ್ ಎಂಬ ಗಾಜಿನಂತಹ ಪ್ಲಾಸ್ಟಿಕ್ ತಯಾರಾದದ್ದು 1950ರ ದಶಕದಲ್ಲಿ. ಗುಣ ಮೊದಲೇ ತಿಳಿದಿದ್ದರೂ ಅದರಿಂದ ಹಸುಗೂಸಿನ ಹಾಲಿನ ಸೀಸೆಗಳನ್ನು ಮಾಡಿದರಲ್ಲ ಎಂಬುದು ನಮಗೆ ಇಂದಿಗೂ ಸೋಜಿಗ.

1993ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಯೀಸ್ಟಿನಲ್ಲಿ ಈಸ್ಟ್ರೋಜನ್ನನ್ನು ಹುಡುಕುತ್ತಿದ್ದರು. ಅವರಿಗೆ ದೊರೆತದ್ದು ಯೀಸ್ಟಿನದಾಗಿರಲಿಲ್ಲ. ಉಗಿಯ ಒತ್ತಡದಲ್ಲಿ ಶುದ್ಧೀಕರಿಸಿದ ಪಾಲಿಕಾರ್ಬೊನೇಟ್ ಪಾತ್ರೆಯಿಂದ ಇಳಿದ ಬಿಸ್ಫಿನಾಲ್-ಎ ಆಗಿತ್ತು. ತಾಯಂದಿರು ಸೀಸೆಯನ್ನು ಕುದಿನೀರಿನಲ್ಲಿ ಅದ್ದುವುದೂ ಇದೇ ಬಗೆಯ ಕ್ರಿಯೆಯಲ್ಲವೆ? ಕ್ರಿಮಿಗಳೇನೋ ಸಾಯುತ್ತವೆ.

ಇಲಿಗಳಲ್ಲಿ ಕಂಡುದೆಲ್ಲ ಮನುಷ್ಯರಲ್ಲಿಯೂ ಹಾಗೆಯೇ ಎಂದು ಹೇಳಲಾಗದು. ಅಂಜಿಸುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಗರ್ಭಸ್ಥ ಶಿಶುವಿನ ಜನನಾಂಗಗಳೂ ಮಿದುಳೂ ರೂಪುಗೊಳ್ಳುವುದು ಹಾರ್ಮೋನುಗಳ ಸೂಚನೆಯಂತೆ. ಅಲ್ಲಿ ತಪ್ಪಿದುದನ್ನು ಮುಂದೆ ತಿದ್ದುವುದು ದುಸ್ಸಾಧ್ಯ.

ಹಾಲೂಡಿಸುವ ಸೀಸೆಗಳಲ್ಲಿ ಇದರ ಬಳಕೆಯನ್ನು ಯೂರೋಪು 2011ರಲ್ಲಿ ನಿಷೇಧಿಸಿತು; ಭಾರತೀಯ ಮಾನಕ ಬ್ಯೂರೋ 2015ರಲ್ಲಿ ನಿರ್ಬಂಧ ತಂದಿತು. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2023ರಲ್ಲಿ ದಿನವೊಂದಕ್ಕೆ ಸಹ್ಯವೆನ್ನಬಹುದಾದ ಪ್ರಮಾಣವನ್ನು ಹಿಂದಿನದಕ್ಕಿಂತ 20,000 ಪಟ್ಟು ತಗ್ಗಿಸಿತು. ಆದುದರಿಂದ ಅಟ್ಟದ ಮೇಲಿರುವ ಹಳೆಯ ಸೀಸೆಗಳನ್ನು ಹೊಸ ಕೂಸಿಗೆ ತೆಗೆದುಕೊಡಬಾರದು. ‘ಬಿಪಿಎ ರಹಿತ’ ಎಂಬ ಚೀಟಿಯನ್ನೂ ಪೂರ್ಣವಾಗಿ ನಂಬುವಂತಿಲ್ಲ. ಅದರ ಬದಲಿಗೆ ಬಂದ ಬಿಸ್ಫಿನಾಲ್-ಎಸ್ ಮೊದಲಾದವು ಇಲಿಗಳಲ್ಲಿ ಅಂಥದೇ ಪರಿಣಾಮ ಬೀರುವುದನ್ನು ಪೆಟ್ರೀಷಿಯಾ ಹಂಟ್ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದ್ದಾರೆ.

ಪ್ಲಾಸ್ಟಿಕ್ ಯಾವ ಬಗೆಯದೇ ಇರಲಿ, ಬಿಸಿಯೂ ಜಿಡ್ಡೂ ಅದರೊಳಗಿನ ರಾಸಾಯನಿಕಗಳನ್ನು ಬೇಗನೆ ಆಹಾರಕ್ಕೆ ಇಳಿಸುತ್ತವೆ. ಮದುವೆಯ ಮನೆಗಳಲ್ಲಿ, ದಾಸೋಹದ ಪಂಕ್ತಿಗಳಲ್ಲಿಯೂ ಕುದಿಯುವ ಸಾರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುವುದನ್ನು ನಾವು ಕಾಣುತ್ತಿದ್ದೇವೆ. ಸ್ಟೀಲಿನ ಬಕೆಟ್ಟಿಗೆ ತುಸು ಹೆಚ್ಚು ಹಣ ಬೀಳಬಹುದು. ಅದು ಹತ್ತಾರು ವರ್ಷ ಬಾಳುತ್ತದೆ.