ಪ್ರತಿಭೆಗೂ ಗಡುವಿಗೂ ನಡುವೆ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸುತ್ತಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನೋದಿ ಮರಳುತ್ತದೆ, ಮರುದಿನ ಬಂದರೂ ಅದನ್ನೇ ಓದಿ ಹಿಂದಿರುಗುತ್ತದೆ ಎಂಬುದು ಜನರ ನಂಬಿಕೆ. ಬಾಗಿಲುಗಳ ಮೇಲಿನ ಆ ಬರಹ ಬಹುಮಟ್ಟಿಗೆ ಅಳಿಸಿಹೋಗಿದೆ. ನಮ್ಮ ಕಚೇರಿಗಳಲ್ಲಿ ಮಾತ್ರ ಅದಕ್ಕೆ ಇಂದಿಗೂ ಆಯುಷ್ಯವಿದೆ. ಕೆಲಸ ಎಲ್ಲಿಗೆ ಬಂತೆಂದು ಕೇಳಿದಾಗಲೆಲ್ಲ ‘ಬಹುತೇಕ ಮುಗಿದಿದೆ, ನಾಳೆ ಕೊಡುತ್ತೇನೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಸೋಮಾರಿಯೊಬ್ಬ ಹೀಗೆ ಹೇಳಿದರೆ ತಂಡದ ನಾಯಕನ ಮುಂದಿನ ದಾರಿ ಸ್ಪಷ್ಟ. ತೊಡಕು ಹುಟ್ಟುವುದು ತಂಡದ ಅತ್ಯಂತ ಸಮರ್ಥರೇ ಪದೇ ಪದೇ ಗಡುವು ಮೀರಿದಾಗ. ಗದರಿದರೆ ಅವರು ಬೇರೆ ಕಂಪನಿ ಸೇರಿಯಾರೆಂಬ ಭಯ. ಸುಮ್ಮನಿದ್ದರೆ ಗ್ರಾಹಕರ ಮುಂದೆ ತಲೆ ತಗ್ಗಿಸಬೇಕಾದ ಸಂಕಟ. ಸಾಫ್ಟ್‌ವೇರ್ ಉದ್ಯಮವನ್ನೇ ನೆಚ್ಚಿಕೊಂಡ ಬೆಂಗಳೂರಿನಂತಹ ನಗರದಲ್ಲಿ ಈ ಇಕ್ಕಟ್ಟು ಸಾವಿರಾರು ಜನರ ನಿತ್ಯದ ಅನುಭವ.

ಜಾಣರು ಕಾಲವನ್ನು ಸರಿಯಾಗಿಯೇ ಅಂದಾಜಿಸುತ್ತಾರೆ ಎಂಬುದು ನಮ್ಮ ಮೊದಲ ತಪ್ಪು ಕಲ್ಪನೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ತಮ್ಮದೇ ತಂಡದ ಪ್ರಸಂಗವೊಂದನ್ನು ದಾಖಲಿಸಿದ್ದಾರೆ. 1970ರ ದಶಕದಲ್ಲಿ ಇಸ್ರೇಲಿನ ಪ್ರೌಢಶಾಲೆಗಳಿಗಾಗಿ ಪಠ್ಯಪುಸ್ತಕವೊಂದನ್ನು ರಚಿಸುವ ಹೊಣೆ ಆ ತಂಡದ್ದಾಗಿತ್ತು. ಇನ್ನೆಷ್ಟು ಕಾಲ ಬೇಕೆಂದು ಎಲ್ಲರೂ ಪ್ರತ್ಯೇಕವಾಗಿ ಚೀಟಿಯಲ್ಲಿ ಬರೆದಾಗ ಬಂದ ಉತ್ತರ ಸುಮಾರು ಎರಡು ವರ್ಷ. ಇಂತಹ ಇತರ ತಂಡಗಳು ಎಷ್ಟು ಕಾಲ ತೆಗೆದುಕೊಂಡಿದ್ದವು ಎಂದು ತಂಡದಲ್ಲಿದ್ದ ಪಠ್ಯಕ್ರಮ ತಜ್ಞರನ್ನು ಕೇಳಿದಾಗ, ಏಳರಿಂದ ಹತ್ತು ವರ್ಷ ಎಂದರು. ಶೇಕಡಾ 40ರಷ್ಟು ತಂಡಗಳು ಕೆಲಸವನ್ನು ಮುಗಿಸಿರಲೇ ಇಲ್ಲ. ವಿಚಿತ್ರವೆಂದರೆ, ಎರಡು ವರ್ಷವೆಂದು ಬರೆದವರಲ್ಲಿ ಆ ತಜ್ಞರೂ ಇದ್ದರು. ಪುಸ್ತಕ ಮುಗಿಯಲು ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಶಿಕ್ಷಣ ಇಲಾಖೆಯ ಆಸಕ್ತಿಯೇ ಕುಂದಿತ್ತು. ಆ ಪಠ್ಯ ಬಳಕೆಗೇ ಬರಲಿಲ್ಲ.

ಈ ಪ್ರಸಂಗದ ಪಾಠ ಸರಳವಾದುದು. ‘ಎಷ್ಟು ದಿನ ಬೇಕು?’ ಎಂಬ ಪ್ರಶ್ನೆಯ ಜೊತೆಗೆ ‘ಕಳೆದ ಸಲ ಇಂತಹ ಕೆಲಸಕ್ಕೆ ಎಷ್ಟು ದಿನ ಹಿಡಿದಿತ್ತು?’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಮನುಷ್ಯನ ಆಶಾವಾದಕ್ಕಿಂತ ಹಳೆಯ ದಾಖಲೆ ಹೆಚ್ಚು ನಂಬಿಕೆಗೆ ಅರ್ಹ.

ವಿಳಂಬದ ಕಾರಣಗಳೂ ಒಂದೇ ಬಗೆಯವಲ್ಲ. ಕೆಲವರು ಕೆಲಸವನ್ನು ತಿದ್ದಿ ತೀಡುತ್ತ, ಒಪ್ಪಿಸಲು ಮನಸ್ಸೊಪ್ಪದೆ ಉಳಿಸಿಕೊಳ್ಳುತ್ತಾರೆ. ಕೆಲವರಿಗೆ ‘ಆಗದು’ ಎನ್ನಲು ಬಾರದು. ಇನ್ನು ಕೆಲವರ ಪಾಲಿಗೆ ಸಾಮರ್ಥ್ಯವೇ ಶಿಕ್ಷೆಯಾಗಿರುತ್ತದೆ. ಯಾರಿಂದಲೂ ಬಿಡಿಸಲಾಗದ ಗಂಟುಗಳೆಲ್ಲ ಅವರ ಮೇಜಿಗೇ ಬರುತ್ತವೆ. ದಿನವೆಲ್ಲ ಅನ್ಯರಿಗೆ ನೆರವಾಗಿ ಸಂಜೆ ಸ್ವಂತ ಕೆಲಸದಲ್ಲಿ ಹಿಂದೆ ಬೀಳುತ್ತಾರೆ. ಮೊದಲನೆಯವರಿಗೆ ‘ಇಷ್ಟಾದರೆ ಸಾಕು’ ಎಂಬ ಗೆರೆಯನ್ನು ಮೊದಲೇ ಎಳೆದುಕೊಡಬೇಕು. ಎರಡನೆಯವರಿಗೆ ನಿರಾಕರಿಸುವ ಸ್ವಾತಂತ್ರ್ಯ ಬೇಕು. ಮೂರನೆಯವರ ವಿಷಯದಲ್ಲಿ ತಪ್ಪು ಅವರದಲ್ಲ, ಕೆಲಸ ಹಂಚಿದವರದು.

ತಡವಾದೊಡನೆ ಇನ್ನಷ್ಟು ಜನರನ್ನು ಸೇರಿಸುವುದು ಆಡಳಿತ ವರ್ಗಕ್ಕೆ ಥಟ್ಟನೆ ಹೊಳೆಯುವ ಪರಿಹಾರ. ಐಬಿಎಂ ಕಂಪನಿಯ ಬೃಹತ್ ಯೋಜನೆಯಾದ ಓಎಸ್/360ರ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್, 1975ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ ಇದರ ಅಪಾಯವನ್ನು ವಿವರಿಸಿದ್ದರು. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆಯೇ ಬೀಳುತ್ತದೆ, ಪರಸ್ಪರ ಮಾತುಕತೆಯ ಭಾರ ಹೆಚ್ಚುತ್ತದೆ, ತಡವಾದ ಯೋಜನೆ ಮತ್ತಷ್ಟು ತಡವಾಗುತ್ತದೆ ಎಂಬುದು ಅವರ ಅನುಭವದ ಮಾತು. ಆದ್ದರಿಂದ ಕೊನೆಗಳಿಗೆಯ ಧಾವಂತಕ್ಕಿಂತ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿಸಿ ವಾರಕ್ಕೊಮ್ಮೆ ಕಣ್ಣಾರೆ ನೋಡುವುದು ಲೇಸು. ‘ಬಹುತೇಕ ಮುಗಿದಿದೆ’ ಎಂಬ ಮಾತಿಗೆ ಅಲ್ಲಿ ಎಡೆಯಿರುವುದಿಲ್ಲ. ಮೂರು ದಿನ ತಡವಾದೀತೆಂದು ಮುಂಚಿತವಾಗಿ ಹೇಳಿದವರನ್ನು ಗದರಬಾರದು. ಗದರಿದರೆ ಮುಂದಿನ ಸಲ ಆ ಸುದ್ದಿ ಗಡುವಿನ ದಿನವೇ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ವಿಳಂಬ ನಿಲ್ಲದಿದ್ದರೆ ನಿಷ್ಠುರದ ಮಾತು ಅನಿವಾರ್ಯ. ಏಕೆಂದರೆ ಪ್ರತಿ ತಂಡದಲ್ಲೂ ಸದ್ದಿಲ್ಲದೆ ಸಮಯಕ್ಕೆ ಸರಿಯಾಗಿ ಕೆಲಸ ಒಪ್ಪಿಸುವವರು ಒಬ್ಬಿಬ್ಬರಾದರೂ ಇರುತ್ತಾರೆ. ಅನ್ಯರು ತಡಮಾಡಿದ್ದನ್ನು ಶನಿವಾರ, ಭಾನುವಾರ ಕುಳಿತು ಸರಿದೂಗಿಸುವವರೂ, ಮಗುವಿನ ಶಾಲಾ ವಾರ್ಷಿಕೋತ್ಸವವನ್ನು ತಪ್ಪಿಸಿಕೊಳ್ಳುವವರೂ ಅವರೇ. ಪ್ರತಿಭಾವಂತರಿಗೆ ವಿನಾಯಿತಿ ಕೊಡುವಾಗ ಅದರ ಬೆಲೆ ತೆರುವವರು ಇವರು ಎಂಬುದನ್ನು ನಾಯಕರಾದವರು ಮರೆಯುತ್ತಾರೆ. ಇವರು ದೂರು ಹೇಳುವುದಿಲ್ಲ. ಒಂದು ದಿನ ಮೌನವಾಗಿ ರಾಜೀನಾಮೆ ಪತ್ರವಿಟ್ಟು ಹೊರಟುಹೋಗುತ್ತಾರೆ.

ಪ್ರತಿಭೆಯನ್ನು ಗೌರವಿಸುವುದೆಂದರೆ ಅದಕ್ಕೆ ಲೆಕ್ಕ ಕೇಳದಿರುವುದಲ್ಲ. ಈಡೇರಿಸಬಹುದಾದ ಗಡುವನ್ನು ಒಟ್ಟಿಗೆ ಕುಳಿತು ನಿರ್ಧರಿಸಿ, ಅದನ್ನು ಕೊಟ್ಟ ಮಾತೆಂದು ಇಬ್ಬರೂ ಭಾವಿಸುವುದು. ದೆವ್ವವನ್ನೇನೋ ‘ನಾಳೆ ಬಾ’ ಎಂದು ಎಷ್ಟು ಸಲವಾದರೂ ಹಿಂದೆ ಕಳುಹಿಸಬಹುದು. ಸಹೋದ್ಯೋಗಿಯ ತಾಳ್ಮೆಯನ್ನು ಹಾಗೆ ಕಳುಹಿಸಲಾಗದು.